ಕರುಳಿನ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ಬಳಿಕ ಮುಂದೇನು?

ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಂತಿ ಇದ್ದ ರೋಗಿಯೊಬ್ಬರಿಗೆ ಶಸ್ತ್ರಚಿಕಿತ್ಸೆ ನಡೆದಿದೆ ಎಂದುಕೊಳ್ಳಿ. ಗಂತಿಯಿದ್ದ ಭಾಗವನ್ನು, ಅದರ ಎರಡೂ ಬದಿಯ ಆರೋಗ್ಯವಾದ ಕರುಳಿನ ಸ್ವಲ್ಪ ಭಾಗದೊಡನೆ ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸಿದ್ದಾರೆ. ಕಣ್ಣಿಗೆ ಕಾಣುವ ಗಂತಿಯೆಲ್ಲ ಹೋಗಿದೆ. ಮನೆಯವರು ಸಹಜವಾಗಿಯೇ ಕೇಳುತ್ತಾರೆ: "ಇನ್ನೇನೂ ಭಯವಿಲ್ಲ ಅಲ್ವಾ ಡಾಕ್ಟ್ರೇ?" ಶಸ್ತ್ರವೈದ್ಯರು ಕೂಡಲೇ ಹೌದು ಎನ್ನುವುದಿಲ್ಲ. "ಲ್ಯಾಬಿನಿಂದ ರಿಪೋರ್ಟ್ ಬರಲಿ, ಆಮೇಲೆ ಹೇಳ್ತೀನಿ" ಎನ್ನುತ್ತಾರೆ.

ಗಂತಿ ದೇಹದಿಂದ ಹೊರಗೆ ಹೋದ ಮೇಲೂ ಏಕೆ ಕಾಯಬೇಕು? ಏಕೆಂದರೆ ಮುಂದಿನ ಬದುಕನ್ನು ನಿರ್ಧರಿಸುವುದು ತೆಗೆದುಹಾಕಿದ ಗಂತಿಯಲ್ಲ. ತೆಗೆಯುವ ಮೊದಲೇ ಅದರಿಂದ ಕಳಚಿಕೊಂಡು ಹೋಗಿ ದೇಹದಲ್ಲಿ ಎಲ್ಲಾದರೂ ಉಳಿದಿರಬಹುದಾದ ಜೀವಕೋಶಗಳು. ಅವು ಯಾವ ಸ್ಕ್ಯಾನಿನಲ್ಲೂ ಕಾಣದಷ್ಟು ಕಡಿಮೆ ಇರಬಹುದು. ಆದ್ದರಿಂದ ವೈದ್ಯರು ಪರೋಕ್ಷ ಸಾಕ್ಷ್ಯಗಳನ್ನು ಹುಡುಕುತ್ತಾರೆ. ಆ ಸಾಕ್ಷ್ಯಗಳು ಯಾವುವು, ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಅಗಲವಲ್ಲ, ಆಳ

ಗಂತಿ ದೊಡ್ಡದಾದಷ್ಟೂ ಅಪಾಯ ಹೆಚ್ಚು ಎಂದು ನಿಮಗೆ ಅನಿಸಬಹುದು. ಸ್ತನದ ಕ್ಯಾನ್ಸರಿನಲ್ಲಿ ಗಾತ್ರಕ್ಕೆ ಮಹತ್ವವಿರುವುದು ನಿಜ. ಆದರೆ ಕರುಳಿನಲ್ಲಿ ಗಂತಿ ಎಷ್ಟು ಅಗಲವಿದೆ ಎಂಬುದಕ್ಕಿಂತ ಅದು ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಮುಖ್ಯ.

ಕರುಳಿನ ಗೋಡೆಯಲ್ಲಿ ಹಲವು ಪದರಗಳಿವೆ. ಒಳಗಡೆ ಲೋಳೆಪೊರೆ, ಅದರ ಕೆಳಗೆ ರಕ್ತನಾಳಗಳೂ ದುಗ್ಧನಾಳಗಳೂ ಹರಡಿರುವ ಸಡಿಲವಾದ ಉಪಲೋಳೆಪೊರೆ, ಅನಂತರ ದಪ್ಪನೆಯ ಸ್ನಾಯು ಪದರ, ಎಲ್ಲಕ್ಕೂ ಹೊರಗೆ ಕೊಬ್ಬಿನ ಅಂಗಾಂಶ ಮತ್ತು ತೆಳುವಾದ ಹೊರಪೊರೆ. ಕ್ಯಾನ್ಸರ್ ಹುಟ್ಟುವುದು ಲೋಳೆಪೊರೆಯಲ್ಲಿ. ಅಲ್ಲಿಂದ ಅದು ಕೆಳಗಿಳಿದಂತೆಲ್ಲ ದೂರಕ್ಕೆ ಪಯಣಿಸುವ ದಾರಿಗಳು ಅದಕ್ಕೆ ತೆರೆದುಕೊಳ್ಳುತ್ತವೆ. ದುಗ್ಧನಾಳಗಳ ಮೂಲಕ ಹೊರಟ ಕೋಶಗಳು ಹತ್ತಿರದ ದುಗ್ಧಗ್ರಂಥಿಗಳನ್ನು ಸೇರುತ್ತವೆ. ಅಭಿಧಮನಿಗಳ ಮೂಲಕ ಹೊರಟವು, ಕರುಳಿನ ರಕ್ತವೆಲ್ಲ ಮೊದಲು ಹೋಗುವ ಯಕೃತ್ತನ್ನು ತಲಪುತ್ತವೆ. ಕರುಳಿನ ಕ್ಯಾನ್ಸರ್ ದೂರಕ್ಕೆ ಹರಡಿದಾಗ ಯಕೃತ್ತಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಹೊರಪೊರೆಯನ್ನೂ ಭೇದಿಸಿದ ಗಂತಿಯಿಂದ ಉದುರಿದ ಕೋಶಗಳು ನೇರವಾಗಿ ಹೊಟ್ಟೆಯ ಕುಹರದೊಳಕ್ಕೇ ಬೀಳಬಹುದು.

ಈ ಸರಳ ಸಂಗತಿಯನ್ನು ಒಂದು ಕ್ರಮಕ್ಕೆ ತಂದವರು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗವಿಜ್ಞಾನಿ ಕತ್‌ಬರ್ಟ್ ಡ್ಯೂಕ್ಸ್. 1932ರಲ್ಲಿ ಅವರು ಗುದನಾಳದ ಕ್ಯಾನ್ಸರ್‌ಗಳನ್ನು ಮೂರು ಗುಂಪು ಮಾಡಿದರು. ಗೋಡೆಯೊಳಗೇ ಉಳಿದದ್ದು 'ಎ', ಗೋಡೆಯನ್ನು ದಾಟಿದ್ದು 'ಬಿ', ದುಗ್ಧಗ್ರಂಥಿಗಳನ್ನು ಸೇರಿದ್ದು 'ಸಿ'. ಎ ಗುಂಪಿನವರಿಗಿಂತ ಬಿ ಗುಂಪಿನವರು, ಬಿ ಗುಂಪಿನವರಿಗಿಂತ ಸಿ ಗುಂಪಿನವರು ಬದುಕುಳಿಯುವ ಪ್ರಮಾಣ ಕಡಿಮೆ ಎಂಬುದು ಸ್ಪಷ್ಟವಾಯಿತು. ಈ ವಿಂಗಡಣೆಯೇ ಮುಂದೆ ಇಡೀ ದೊಡ್ಡ ಕರುಳಿಗೂ ಅನ್ವಯವಾಯಿತು.

ಇಂದು ಬಳಕೆಯಲ್ಲಿರುವುದು ಫ್ರಾನ್ಸಿನ ಪಿಯರ್ ಡೆನ್ವಾ 1940ರ ದಶಕದಲ್ಲಿ ರೂಪಿಸಲು ತೊಡಗಿದ ಟಿಎನ್‌ಎಂ ಪದ್ಧತಿ. ಗಂತಿ ಇಳಿದ ಆಳಕ್ಕೆ 'ಟಿ', ದುಗ್ಧಗ್ರಂಥಿಗಳ ಸ್ಥಿತಿಗೆ 'ಎನ್', ದೂರದ ಅಂಗಗಳಿಗೆ ಹರಡಿರುವುದಕ್ಕೆ 'ಎಂ'. ಈ ಮೂರನ್ನೂ ಸೇರಿಸಿ ರೋಗದ ಹಂತವನ್ನು ಹೇಳುತ್ತಾರೆ. ಸ್ನಾಯು ಪದರವನ್ನು ದಾಟದಿದ್ದರೆ ಒಂದನೆಯ ಹಂತ. ದಾಟಿದ್ದರೂ ಗ್ರಂಥಿಗಳು ಶುದ್ಧವಾಗಿದ್ದರೆ ಎರಡನೆಯದು. ಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶಗಳಿದ್ದರೆ ಮೂರನೆಯದು. ಯಕೃತ್ತು, ಶ್ವಾಸಕೋಶ ಮುಂತಾದ ಕಡೆ ಹರಡಿದ್ದರೆ ನಾಲ್ಕನೆಯದು.

ಹುಡುಕಿದವರಿಗೆ ಸಿಕ್ಕೀತು

ಈಗ ಒಂದು ಸೂಕ್ಷ್ಮವಾದ ಪ್ರಶ್ನೆ. ವರದಿಯಲ್ಲಿ "ದುಗ್ಧಗ್ರಂಥಿಗಳಲ್ಲಿ ಕ್ಯಾನ್ಸರ್ ಕಂಡುಬಂದಿಲ್ಲ" ಎಂದು ಬರೆದಿದೆ. ಇಲ್ಲವೆಂದೇ ಅರ್ಥವೆ? ಅಥವಾ ನೋಡಿದವುಗಳಲ್ಲಿ ಇಲ್ಲವೆಂದು ಅರ್ಥವೆ?

ಶಸ್ತ್ರವೈದ್ಯರು ಕರುಳಿನೊಂದಿಗೆ ಅದಕ್ಕೆ ಅಂಟಿಕೊಂಡಿರುವ ಕೊಬ್ಬಿನ ಪೊರೆಯನ್ನೂ ತೆಗೆದಿರುತ್ತಾರೆ. ದುಗ್ಧಗ್ರಂಥಿಗಳು ಆ ಕೊಬ್ಬಿನಲ್ಲಿ ಹುದುಗಿರುತ್ತವೆ. ಕೆಲವು ಅವರೆಕಾಳಿನಷ್ಟು, ಹಲವು ಸಾಸಿವೆಯಷ್ಟು. ರೋಗವಿಜ್ಞಾನಿ, ಅಂದರೆ ಪೆಥಾಲಜಿಸ್ಟ್, ಅವನ್ನು ಬೆರಳಿನಿಂದ ಒತ್ತಿ ಹುಡುಕಿ, ಒಂದೊಂದನ್ನೂ ಬಿಡಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದು ತಾಳ್ಮೆಯ ಕೆಲಸ.

ತೆಗೆದ ಭಾಗದಲ್ಲಿ 20 ಗ್ರಂಥಿಗಳಿವೆ, ಅವುಗಳಲ್ಲಿ 2ರಲ್ಲಿ ಮಾತ್ರ ಕ್ಯಾನ್ಸರ್ ಕೋಶಗಳಿವೆ ಎಂದು ಊಹಿಸಿಕೊಳ್ಳಿ. ಯಾವುದೋ 5 ಗ್ರಂಥಿಗಳನ್ನಷ್ಟೇ ಪರೀಕ್ಷಿಸಿದರೆ ಆ ಎರಡೂ ತಪ್ಪಿಹೋಗುವ ಸಂಭವನೀಯತೆ ಎಷ್ಟು? ರೋಗವಿರುವ ಮೊದಲನೆಯ ಗ್ರಂಥಿ ಪರೀಕ್ಷಿಸದೆ ಉಳಿದ 15ರಲ್ಲಿ ಇರಬೇಕು. ಎರಡನೆಯದು ಮಿಕ್ಕ 19 ಸ್ಥಾನಗಳ ಪೈಕಿ 14ರಲ್ಲಿ ಇರಬೇಕು. ಆದ್ದರಿಂದ ಸಂಭವನೀಯತೆ 15/20 × 14/19, ಅಂದರೆ ಶೇಕಡ 55. ನಾಣ್ಯ ಚಿಮ್ಮಿ ನೋಡಿದ್ದಕ್ಕಿಂತಲೂ ಕಡೆ! 12 ಗ್ರಂಥಿಗಳನ್ನು ನೋಡಿದರೆ ಅದು 8/20 × 7/19, ಅಂದರೆ ಸುಮಾರು ಶೇಕಡ 15ಕ್ಕೆ ಇಳಿಯುತ್ತದೆ. 18ನ್ನು ನೋಡಿದರೆ ಶೇಕಡ 1ಕ್ಕಿಂತಲೂ ಕಡಿಮೆ. ಸಂಭವನೀಯತೆಯನ್ನು ಕಲಿಯುವ ಪಿಯುಸಿ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಲೆಕ್ಕ.

ಕನಿಷ್ಠ 12 ಗ್ರಂಥಿಗಳನ್ನಾದರೂ ಪರೀಕ್ಷಿಸಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹಿಂದಿರುವುದು ಇಂಥದೇ ತರ್ಕ. ಅಷ್ಟು ಸಿಗದಿದ್ದರೆ ಪುನಃ ಹುಡುಕಬೇಕು. ಹಾಗೂ ಸಿಗದಿದ್ದಲ್ಲಿ, ಎರಡನೆಯ ಹಂತದ ರೋಗಿಯಾದರೂ ಹೆಚ್ಚು ಅಪಾಯವಿರುವವರೆಂದೇ ವೈದ್ಯರು ಪರಿಗಣಿಸುತ್ತಾರೆ. ಆದ್ದರಿಂದ ವರದಿಯಲ್ಲಿ ಎರಡು ಸಂಖ್ಯೆಗಳನ್ನು ನೋಡಬೇಕು: ರೋಗವಿರುವ ಗ್ರಂಥಿಗಳೆಷ್ಟು, ಪರೀಕ್ಷಿಸಿದ ಗ್ರಂಥಿಗಳೆಷ್ಟು. "0/4" ಮತ್ತು "0/22" ಎರಡರ ಅಂಶವೂ ಸೊನ್ನೆಯೇ. ಆದರೆ ಅವುಗಳ ಅರ್ಥ ಒಂದೇ ಅಲ್ಲ.

ಒಂದು ಒಗಟು

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ನಡೆಸುವ ನೋಂದಣಿಯಿಂದ, 1991ರಿಂದ 2000ದವರೆಗಿನ 1,19,363 ಕರುಳಿನ ಕ್ಯಾನ್ಸರ್ ರೋಗಿಗಳ ಮಾಹಿತಿಯನ್ನು ವಿಶ್ಲೇಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಬೇರೆ ಕಾಯಿಲೆಗಳಿಂದಾದ ಸಾವುಗಳನ್ನು ಬದಿಗಿಟ್ಟು ನೋಡಿದಾಗ, ಐದು ವರ್ಷ ಬದುಕುಳಿದವರ ಶೇಕಡ ಪ್ರಮಾಣ ಹೀಗಿತ್ತು:

ಹಂತ 1 – 93.2
ಹಂತ 2ಎ – 84.7
ಹಂತ 2ಬಿ – 72.2
ಹಂತ 3ಎ – 83.4
ಹಂತ 3ಬಿ – 64.1
ಹಂತ 3ಸಿ – 44.3
ಹಂತ 4 – 8.1

ಪಟ್ಟಿಯನ್ನು ಇನ್ನೊಮ್ಮೆ ಗಮನಿಸಿ. ಮೆಟ್ಟಿಲು ಇಳಿದಂತೆ ಇಳಿಯಬೇಕಾದ ಸಂಖ್ಯೆಗಳು ಒಂದು ಕಡೆ ಮೇಲೇರಿವೆ. ಗ್ರಂಥಿಗಳಿಗೆ ಹರಡಿರುವ 3ಎ ಹಂತದವರು, ಗ್ರಂಥಿಗಳಿಗೆ ಹರಡದಿರುವ 2ಬಿ ಹಂತದವರಿಗಿಂತ ಹೆಚ್ಚು ಪ್ರಮಾಣದಲ್ಲಿ ಬದುಕಿದ್ದಾರೆ. ಇದು ಹೇಗೆ?

ಒಂದು ಕಾರಣ ನಿಮಗೆ ಆಗಲೇ ಹೊಳೆದಿರಬಹುದು. ಆಗಿನ ವಿಂಗಡಣೆಯಲ್ಲಿ 2ಬಿ ಎಂದರೆ ಗೋಡೆಯನ್ನು ಪೂರ್ತಿಯಾಗಿ ಭೇದಿಸಿದ ಗಂತಿ. 3ಎ ಎಂದರೆ ಸ್ನಾಯು ಪದರವನ್ನು ದಾಟದ, ಆದರೆ ಒಂದರಿಂದ ಮೂರು ಗ್ರಂಥಿಗಳನ್ನು ಸೇರಿದ ಗಂತಿ. ಆಳಕ್ಕೂ ತನ್ನದೇ ತೂಕವಿದೆ. ಎರಡನೆಯ ಕಾರಣ ಚಿಕಿತ್ಸೆ. ಮೂರನೆಯ ಹಂತದವರಿಗೆ ಕೀಮೋಥೆರಪಿ ಕೊಡುವುದು ಆ ವೇಳೆಗೆ ರೂಢಿಯಾಗಿತ್ತು, ಎರಡನೆಯ ಹಂತದವರಲ್ಲಿ ಹೆಚ್ಚಿನವರಿಗೆ ಕೊಡುತ್ತಿರಲಿಲ್ಲ. ಮೂರನೆಯದು ನಾವು ಈಗಷ್ಟೇ ನೋಡಿದ ಲೆಕ್ಕ. 2ಬಿ ಎಂದು ಬರೆಸಿಕೊಂಡವರಲ್ಲಿ ಕೆಲವರ ಗ್ರಂಥಿಗಳಲ್ಲಿ ರೋಗವಿದ್ದರೂ ಅವನ್ನು ಯಾರೂ ಹುಡುಕಿರಲಾರರು.

ಇಲ್ಲಿಯೇ ಅಂಕಿಸಂಖ್ಯೆಗಳ ಒಂದು ಮಾಯೆಯನ್ನೂ ತಿಳಿಯಬೇಕು. ಎರಡನೆಯ ಹಂತದವರೆಂದು ಗುರುತಿಸಿದ 100 ಜನರಲ್ಲಿ 80 ಮಂದಿ, ಮೂರನೆಯ ಹಂತದ 80 ಜನರಲ್ಲಿ 40 ಮಂದಿ ಐದು ವರ್ಷ ಬದುಕಿದರು ಎನ್ನಿ. ಪ್ರಮಾಣ ಶೇಕಡ 80 ಮತ್ತು 50. ಈಗ ಗ್ರಂಥಿಗಳನ್ನು ಹೆಚ್ಚು ಶ್ರದ್ಧೆಯಿಂದ ಹುಡುಕಿದಾಗ, ಮೊದಲ ಗುಂಪಿನ 20 ಜನ ನಿಜವಾಗಿ ಮೂರನೆಯ ಹಂತದವರೆಂದು ತಿಳಿಯಿತು. ಆ 20ರಲ್ಲಿ ಬದುಕಿದವರು 12. ಅವರನ್ನು ಸರಿಯಾದ ಗುಂಪಿಗೆ ಸೇರಿಸಿ. ಎರಡನೆಯ ಹಂತದಲ್ಲಿ ಉಳಿದ 80ರಲ್ಲಿ ಬದುಕಿದವರು 68, ಅಂದರೆ ಶೇಕಡ 85. ಮೂರನೆಯ ಹಂತದ 100ರಲ್ಲಿ 52, ಅಂದರೆ ಶೇಕಡ 52. ಎರಡೂ ಗುಂಪುಗಳ ಫಲಿತಾಂಶ ಸುಧಾರಿಸಿದೆ! ಆದರೆ ಒಟ್ಟು 180 ಜನರಲ್ಲಿ ಬದುಕಿದವರು ಮೊದಲೂ 120, ಈಗಲೂ 120. ಒಬ್ಬರ ಆಯುಷ್ಯವೂ ಹೆಚ್ಚಲಿಲ್ಲ.

ಅಮೆರಿಕದ ವೈದ್ಯ ಆಲ್ವನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು 1985ರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಂಕಿಗಳಲ್ಲಿ ಇದನ್ನು ತೋರಿಸಿ, ಹಾಸ್ಯಗಾರ ವಿಲ್ ರೋಜರ್ಸ್‌ನ ಹೆಸರನ್ನು ಇದಕ್ಕೆ ಇಟ್ಟರು. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದವರು ಎರಡೂ ರಾಜ್ಯಗಳ ಸರಾಸರಿ ಬುದ್ಧಿಯನ್ನು ಹೆಚ್ಚಿಸಿದರು ಎಂಬುದು ರೋಜರ್ಸ್‌ನದೆಂದು ಹೇಳಲಾಗುವ ಚಟಾಕಿ. ಒಂದು ಕಾಲದ ಅಥವಾ ಒಂದು ಆಸ್ಪತ್ರೆಯ ಅಂಕಿಗಳನ್ನು ಇನ್ನೊಂದರ ಜೊತೆ ಹೋಲಿಸುವಾಗ ಈ ಲೆಕ್ಕ ನೆನಪಿರಲಿ. ಹಾಗೆಂದು ಶ್ರದ್ಧೆಯಿಂದ ಹುಡುಕುವುದು ವ್ಯರ್ಥವಲ್ಲ. ಗುಂಪು ಬದಲಾದ ಆ 20 ಜನರಿಗೆ ಈಗ ಕೀಮೋಥೆರಪಿ ಸಿಗುತ್ತದೆ. ನಿಜವಾದ ಲಾಭ ಅಲ್ಲಿದೆ.

ಉಳಿದ ಸಾಕ್ಷಿಗಳು

ಸೂಕ್ಷ್ಮದರ್ಶಕ ಇನ್ನೂ ಕೆಲವನ್ನು ಹೇಳುತ್ತದೆ. ಕ್ಯಾನ್ಸರ್ ಕೋಶಗಳು ಮೂಲ ಲೋಳೆಪೊರೆಯ ರಚನೆಯನ್ನು ಸ್ವಲ್ಪವಾದರೂ ಹೋಲುತ್ತವೆಯೆ, ಅಥವಾ ಪೂರ್ತಿ ಅಂಕೆ ತಪ್ಪಿವೆಯೆ? ರಕ್ತನಾಳ, ದುಗ್ಧನಾಳಗಳ ಒಳಗೆ, ನರಗಳ ಸುತ್ತ ಅವು ಕಾಣುತ್ತಿವೆಯೆ? ಕತ್ತರಿಸಿದ ಅಂಚುಗಳಲ್ಲಿ ಉಳಿದಿವೆಯೆ? ಇವುಗಳಿಗೆಲ್ಲ ಬರುವ ಉತ್ತರ ಹಂತವೊಂದೇ ಹೇಳಲಾರದ್ದನ್ನು ಹೇಳುತ್ತದೆ.

ರೋಗಿ ಆಸ್ಪತ್ರೆಗೆ ಬಂದ ಬಗೆಯೂ ಮುಖ್ಯ. ಕರುಳು ಕಟ್ಟಿಕೊಂಡು ಅಥವಾ ತೂತಾಗಿ ತುರ್ತು ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ, ಮುಂಚಿತವಾಗಿ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಬಂದವರಿಗಿಂತ ಬದುಕುಳಿಯುವ ಪ್ರಮಾಣ ಕಡಿಮೆ. ವಯಸ್ಸು, ಹೃದಯ ಮತ್ತು ಮೂತ್ರಪಿಂಡಗಳ ಸ್ಥಿತಿ, ಪೌಷ್ಟಿಕತೆ ಇವೂ ಲೆಕ್ಕಕ್ಕೆ ಬರುತ್ತವೆ. ಶಸ್ತ್ರವೈದ್ಯರ ಕೈಚಳಕವೂ ಒಂದು ಅಂಶವೇ. ಜರ್ಮನಿಯ ಎರ್ಲಾಂಗನ್‌ನಲ್ಲಿ ವರ್ನರ್ ಹೋಹೆನ್‌ಬರ್ಗರ್ ಅವರ ತಂಡ, ಕರುಳನ್ನು ಹಿಡಿದಿರುವ ಪೊರೆಯನ್ನು ಎಲ್ಲೂ ಹರಿಯದಂತೆ ಬುಡದವರೆಗೆ ಬಿಡಿಸಿ ತೆಗೆಯುವ ಕ್ರಮವನ್ನು ರೂಢಿಸಿಕೊಂಡಿತು. ಐದು ವರ್ಷಗಳಲ್ಲಿ ಕ್ಯಾನ್ಸರಿಗೆ ಬಲಿಯಾಗದೆ ಉಳಿದವರ ಪ್ರಮಾಣ ಶೇಕಡ 82.1ರಿಂದ 89.1ಕ್ಕೆ ಏರಿತೆಂದು ಆ ತಂಡ 2009ರಲ್ಲಿ ವರದಿ ಮಾಡಿತು.

ರಕ್ತದಲ್ಲಿ ಸಿಇಎ ಎಂಬ ಪ್ರತಿಜನಕವನ್ನು ಅಳೆಯುತ್ತಾರೆ. ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ಇದನ್ನು ವರ್ಣಿಸಿದರು. ಭ್ರೂಣದ ಕರುಳಿನಲ್ಲಿ ಹೇರಳವಾಗಿರುವ ಈ ವಸ್ತು ಕ್ಯಾನ್ಸರಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಅದು ಹೆಚ್ಚಿದ್ದರೆ ಒಳ್ಳೆಯ ಲಕ್ಷಣವಲ್ಲ. ಆಮೇಲೆ ಇಳಿದು, ತಿಂಗಳುಗಳ ಬಳಿಕ ಪುನಃ ಏರತೊಡಗಿದರೆ ರೋಗ ಮರುಕಳಿಸಿದೆಯೆ ಎಂದು ಹುಡುಕಬೇಕಾಗುತ್ತದೆ. ಧೂಮಪಾನಿಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಇದು ಹೆಚ್ಚಿರಬಹುದಾದ್ದರಿಂದ ಇದೊಂದನ್ನೇ ನಂಬುವಂತಿಲ್ಲ.

ಇನ್ನೊಂದು ಸಾಕ್ಷಿ ಕೋಶದ ಡಿಎನ್‌ಎಯಲ್ಲಿದೆ. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಪ್ರೋಟೀನ್‌ಗಳಿವೆ. ಸುಮಾರು ಶೇಕಡ 15ರಷ್ಟು ಕರುಳಿನ ಕ್ಯಾನ್ಸರ್‌ಗಳಲ್ಲಿ ಈ ತಿದ್ದುಪಡಿ ವ್ಯವಸ್ಥೆಯೇ ಕೆಟ್ಟಿರುತ್ತದೆ. ತಪ್ಪುಗಳು ತುಂಬಿದ ಗಂತಿ ಹೆಚ್ಚು ಅಪಾಯಕಾರಿ ಎಂದು ನೀವು ಊಹಿಸಿದರೆ ಅದು ಸರಿಯಲ್ಲ. ಎರಡನೆಯ ಹಂತದಲ್ಲಿ ಇಂಥ ಗಂತಿಯವರ ಮುನ್ನೋಟ ಉಳಿದವರಿಗಿಂತ ಉತ್ತಮ! ತಪ್ಪುಗಳಿಂದಾಗಿ ಅಂಥ ಗಂತಿ ವಿಚಿತ್ರ ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ದೇಹದ ರೋಗನಿರೋಧಕ ಕೋಶಗಳು ಅವನ್ನು ಪರಕೀಯವೆಂದು ಗುರುತಿಸಿ ಮುತ್ತುತ್ತವೆ. ಕೆಲವರಲ್ಲಿ ಈ ದೋಷ ಆನುವಂಶಿಕ. ಅಮೆರಿಕದ ವೈದ್ಯ ಹೆನ್ರಿ ಲಿಂಚ್ ಅವರ ಹೆಸರಿನಿಂದ ಅದನ್ನು ಕರೆಯುತ್ತಾರೆ. ಆಗ ರೋಗಿಯ ವರದಿ ಅವರ ಮಕ್ಕಳಿಗೂ ಒಡಹುಟ್ಟಿದವರಿಗೂ ಎಚ್ಚರಿಕೆಯಾಗುತ್ತದೆ.

ಮುನ್ಸೂಚನೆ ಏತಕ್ಕೆ?

ಎಷ್ಟು ದಿನ ಬದುಕುತ್ತಾರೆ ಎಂದು ಭವಿಷ್ಯ ನುಡಿಯುವುದಕ್ಕಲ್ಲ. ಯಾರಿಗೆ ಏನು ಮಾಡಿದರೆ ಆ ಭವಿಷ್ಯ ಬದಲಾದೀತು ಎಂದು ತಿಳಿಯುವುದಕ್ಕೆ.

ಅಮೆರಿಕದ ಚಾರ್ಲ್ಸ್ ಮೋರ್ಟೆಲ್ ಮತ್ತು ಸಂಗಡಿಗರು 1990ರಲ್ಲಿ, ಗ್ರಂಥಿಗಳಿಗೆ ಹರಡಿದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ನಂತರ ಫ್ಲೋರೋಯುರಾಸಿಲ್ ಮತ್ತು ಲೆವಾಮಿಸೋಲ್ ಕೊಟ್ಟಾಗ ಸಾವಿನ ಅಪಾಯ ಶೇಕಡ 33ರಷ್ಟು ತಗ್ಗಿದ್ದನ್ನು ತೋರಿಸಿದರು. ಫ್ಲೋರೋಯುರಾಸಿಲ್ ಜೊತೆಗೆ ಆಕ್ಸಾಲಿಪ್ಲಾಟಿನ್ ಸೇರಿಸುವುದರಿಂದ ಇನ್ನಷ್ಟು ಲಾಭವಿದೆ ಎಂಬುದು 2004ರಲ್ಲಿ ಖಚಿತವಾಯಿತು. ಆದರೆ ಆಕ್ಸಾಲಿಪ್ಲಾಟಿನ್ ಕೈಕಾಲುಗಳ ನರಗಳನ್ನು ಕೆಡಿಸಿ ಜೋಮು ಹಿಡಿಸುತ್ತದೆ. 2018ರಲ್ಲಿ ಆರು ಪ್ರಯೋಗಗಳ 12,834 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಮೂರನೆಯ ಹಂತದಲ್ಲೇ ಕಡಿಮೆ ಅಪಾಯವಿರುವ ಅನೇಕರಿಗೆ ಆರು ತಿಂಗಳ ಬದಲು ಮೂರು ತಿಂಗಳ ಚಿಕಿತ್ಸೆ ಸಾಕಾಗಬಹುದೆಂದು ಕಂಡುಬಂತು. ಇಲ್ಲಿಯೂ 'ಕಡಿಮೆ ಅಪಾಯ' ಎಂದು ನಿರ್ಧರಿಸಿದ್ದು ಗಂತಿಯ ಆಳ ಮತ್ತು ಗ್ರಂಥಿಗಳ ಸಂಖ್ಯೆಯಿಂದಲೇ. ಡ್ಯೂಕ್ಸ್ ನೋಡಿದ್ದೂ ಅವನ್ನೇ.

ಗಂತಿ ಬಿಟ್ಟುಹೋದ ಕೋಶಗಳನ್ನು ನೇರವಾಗಿ ಪತ್ತೆ ಮಾಡಲು ಸಾಧ್ಯವೆ? ಅವುಗಳಿಂದ ರಕ್ತಕ್ಕೆ ಸೇರುವ ಡಿಎನ್‌ಎ ಚೂರುಗಳನ್ನು ಈಗ ಹುಡುಕಬಲ್ಲೆವು. ಆಸ್ಟ್ರೇಲಿಯಾದಲ್ಲಿ ಎರಡನೆಯ ಹಂತದ 455 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ರಕ್ತಪರೀಕ್ಷೆಯನ್ನು ಅನುಸರಿಸಿದ ಗುಂಪಿನಲ್ಲಿ ಶೇಕಡ 15 ಮಂದಿಗೆ ಮಾತ್ರ ಕೀಮೋಥೆರಪಿ ಕೊಡಲಾಯಿತು. ಎಂದಿನ ಕ್ರಮದ ಗುಂಪಿನಲ್ಲಿ ಅದು ಶೇಕಡ 28. ಎರಡು ವರ್ಷ ರೋಗ ಮರುಕಳಿಸದೆ ಇದ್ದವರು ಕ್ರಮವಾಗಿ ಶೇಕಡ 93.5 ಮತ್ತು 92.4. ಅನೇಕರು ಅನಗತ್ಯ ಔಷಧದಿಂದ ಪಾರಾದರು, ಆದರೂ ರಕ್ಷಣೆ ಕುಗ್ಗಲಿಲ್ಲ.

ರೋಗಿಯ ಕೈಯಲ್ಲೇ ಇರುವ ಒಂದು ಅಂಶವೂ ಇದೆ. ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿ ಮುಗಿದ 889 ರೋಗಿಗಳ ಒಂದು ಪ್ರಯೋಗದ ಫಲಿತಾಂಶ 2025ರಲ್ಲಿ ಹೊರಬಂತು. ಮೂರು ವರ್ಷ ಮಾರ್ಗದರ್ಶನದೊಂದಿಗೆ ವೇಗದ ನಡಿಗೆಯಂತಹ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷಗಳ ಬಳಿಕ ಶೇಕಡ 90.3 ಮಂದಿ ಬದುಕಿದ್ದರು. ಬರಿಯ ಸಲಹೆಯ ಕೈಪಿಡಿ ಪಡೆದವರಲ್ಲಿ ಶೇಕಡ 83.2 ಮಂದಿ.

ಶೇಕಡವನ್ನು ಓದುವ ಬಗೆ

ಬದುಕುಳಿಯುವ ಪ್ರಮಾಣವನ್ನು ಹೇಳಲು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಇದಕ್ಕೆ ನೋಂದಣಿಗಳು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದಡಿ 1982ರಲ್ಲಿ ಕೆಲಸ ಆರಂಭಿಸಿದ ನೋಂದಣಿಗಳಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯದೂ ಒಂದು.

ಶೇಕಡ 72 ಎಂಬುದು ಒಂದು ಗುಂಪಿನ ವರ್ಣನೆ. ಒಬ್ಬ ವ್ಯಕ್ತಿ ಶೇಕಡ 72ರಷ್ಟು ಬದುಕುವುದಿಲ್ಲ. ಮೇಲಾಗಿ ಐದು ವರ್ಷದ ಅಂಕಿ ಎಂದಿಗೂ ಹಿಂದಿನ ಚಿಕಿತ್ಸೆಯ ಫಲ. ಮೇಲಿನ ಪಟ್ಟಿಯ ನಾಲ್ಕನೆಯ ಹಂತವನ್ನೇ ನೋಡಿ. ಹೊಸ ಔಷಧಗಳು ಬಂದಿವೆ, ಯಕೃತ್ತಿಗೆ ಮಾತ್ರ ಹರಡಿದ ಕೆಲವರಲ್ಲಿ ಆ ಭಾಗವನ್ನೂ ತೆಗೆದು ಗುಣಪಡಿಸುವುದು ಸಾಧ್ಯವಾಗಿದೆ. ಅಲ್ಲದೆ ಮುನ್ಸೂಚನೆ ಒಂದೇ ಕಡೆ ನಿಲ್ಲುವುದಿಲ್ಲ. ರೋಗ ಮರುಕಳಿಸುವುದು ಬಹುಪಾಲು ಮೊದಲ ಮೂರು ವರ್ಷಗಳಲ್ಲಿ. ಆ ಅವಧಿಯನ್ನು ಸುಖವಾಗಿ ದಾಟಿದವರ ಮುಂದಿನ ದಾರಿ, ಮೊದಲ ದಿನ ಹೇಳಿದ್ದಕ್ಕಿಂತ ಎಷ್ಟೋ ಸುಗಮ.

ಕೊನೆಯದಾಗಿ ಒಂದು ಮಾತು. ಇಷ್ಟು ಅಂಶಗಳ ಪೈಕಿ ಎಲ್ಲಕ್ಕಿಂತ ಪ್ರಬಲವಾದದ್ದು ಪತ್ತೆಯಾದಾಗ ಇದ್ದ ಹಂತವೇ. ಒಂದನೆಯ ಹಂತದ 93.2ಕ್ಕೂ 3ಸಿ ಹಂತದ 44.3ಕ್ಕೂ ನಡುವಿನ ಅಂತರವನ್ನು ಯಾವ ಔಷಧವೂ ಪೂರ್ತಿ ತುಂಬಿಕೊಡಲಾರದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ಮುಲಾಮು ಹಚ್ಚಿ ತಿಂಗಳುಗಟ್ಟಲೆ ಸುಮ್ಮನಿರುವವರು ನಮ್ಮಲ್ಲಿ ಬಹಳ ಮಂದಿ. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಆಗಿರಬಹುದು. ಆದರೆ ವಾರಗಟ್ಟಲೆ ಮಲವಿಸರ್ಜನೆಯ ರೂಢಿ ಬದಲಾಗಿದ್ದರೆ, ಕಾರಣ ತಿಳಿಯದ ರಕ್ತಹೀನತೆ ಇದ್ದರೆ, ತೂಕ ಇಳಿಯುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ವೈದ್ಯರನ್ನು ಕಾಣುವಂತೆ ಅವರಿಗೆ ಹೇಳಿ. ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದ್ದರೆ ಇನ್ನೂ ಒಳ್ಳೆಯದು. ಸಂಕೋಚಪಟ್ಟು ಕಳೆದ ಒಂದೊಂದು ತಿಂಗಳೂ ಗಂತಿಗೆ ಆಳಕ್ಕಿಳಿಯಲು ನಾವು ಕೊಟ್ಟ ಸಮಯವಾಗಬಹುದು.